ಪದ್ಮಿನಿಗೆ ಆಪರೇಷನ್!

ಮೇಸ್ತ್ರಿ ಸ್ಕ್ರೂಡ್ರೈವರ್ ಎತ್ತಿದರು. ಡಿಕ್ಕಿಯ ತಳಕ್ಕೆ ಇಟ್ಟು ಒಂದೇ ಒಂದು ಸಲ ಒತ್ತಿದರು. ಸುತ್ತಿಗೆ ಮುಟ್ಟಲಿಲ್ಲ, ಹಲ್ಲು ಕಚ್ಚಲಿಲ್ಲ... ಹಿಡಿಯವರೆಗೂ ಸಲೀಸಾಗಿ ಒಳಗೆ ಹೋಯಿತು! ನಾನು ಬಗ್ಗಿ ಕಾರಿನ ಅಡಿ ನೋಡಿದೆ. ಸ್ಕ್ರೂಡ್ರೈವರಿನ ಮೂತಿ ಆಚೆ ಬಂದು ನೆಲ ತೋರಿಸುತ್ತಿತ್ತು.

‘‘ಇದರ ಮೇಲೆ ಮನುಷ್ಯನ್ನ ಮಲಗಿಸ್ತೀರಾ, ರಿಪೋರ್ಟರ್ ಸಾಹೇಬ್ರೇ?’’ ಎಂದರು ಮೇಸ್ತ್ರಿ.

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಯಾಕೆ ಅಂತೀರಾ? ಮುಂದೆ ಓದಿ.

ಪದ್ಮಿನಿ ಎಂದ ಕೂಡಲೇ ‘ಯಾವ ನಾಯಕಿಯಪ್ಪಾ ಇವಳು, ಇವಳಿಗೆಂಥ ಆಪರೇಷನ್’ ಎಂದು ಆತುರದಿಂದ ಪುಟ ತಿರುವಿದ ಮಿತ್ರರು ಕ್ಷಮಿಸಬೇಕು. ಇವಳು ಕಾರು! ಪ್ರೀಮಿಯರ್ ಪದ್ಮಿನಿ, 1984ರ ಮಾಡೆಲ್. ಕೆನೆ ಬಣ್ಣ, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ಕೆ.ಎ. ಬರುವುದಕ್ಕೆ ಹಿಂದಿನ ಸಿ.ಎ. ಅಕ್ಷರಗಳ ಹಳೇ ನಂಬರ್ ಪ್ಲೇಟು. ಮಾಲೀಕರು ನನ್ನ ಸೋದರಮಾವ. ಮೂವತ್ತು ವರ್ಷ ಬೇರೆಯವರ ಕಾರು ಓಡಿಸಿ, ಬೇರೆಯವರ ಕಾರು ಒರೆಸಿ, ಕೊನೆಗೆ ತಮ್ಮದೂ ಅಂತ ಒಂದಿರಲಿ ಎಂದು ಕೊಂಡದ್ದು. ಮಕ್ಕಳಿಲ್ಲದ ಮನೆ. ಮಾವನ ಲೋಕದಲ್ಲಿ ಅತ್ತೆ ಒಬ್ಬರು, ಪದ್ಮಿನಿ ಒಬ್ಬಳು. ‘‘ಇಬ್ಬರಲ್ಲಿ ಮೊದಲನೇ ಹೆಂಡತಿ ಯಾರು ಅಂತ ನಿಮ್ಮ ಮಾವನ್ನೇ ಕೇಳು’’ ಎಂದು ಅತ್ತೆ ಆಗಾಗ ಚುಚ್ಚುವುದುಂಟು.

ಕುರ್ಲಾದಲ್ಲಿ ಹುಟ್ಟಿದವಳು

ಇವಳ ಜಾತಕ ಸ್ವಲ್ಪ ಹೇಳಿಬಿಡುತ್ತೇನೆ. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಶುರುಮಾಡಿದರು. ಕಾರ್ಖಾನೆ ಮುಂಬೈಯ ಕುರ್ಲಾದಲ್ಲಿ. ಇಟಲಿಯ ಫಿಯೆಟ್ ಕಂಪನಿಯ ಜೊತೆ ಕೈಜೋಡಿಸಿ 1964ರಲ್ಲಿ ‘ಫಿಯೆಟ್ 1100 ಡಿಲೈಟ್’ ಕಾರನ್ನು ಇಲ್ಲಿ ತಯಾರಿಸತೊಡಗಿದರು. ಅದೇ ಕಾರು 1974ರಲ್ಲಿ ‘ಪದ್ಮಿನಿ’ ಎಂದು ಹೆಸರು ಬದಲಿಸಿಕೊಂಡಿತು. ಸಿನಿಮಾಕ್ಕೆ ಬಂದ ಮೇಲೆ ನಮ್ಮ ನಟ ನಟಿಯರು ಹೆಸರು ಬದಲಿಸಿಕೊಳ್ಳುವುದಿಲ್ಲವೇ, ಹಾಗೆ! ನಾಲ್ಕು ಸಿಲಿಂಡರ್, 1089 ಸಿ.ಸಿ. ಎಂಜಿನ್. ಡಾಕ್ಟರು, ವಕೀಲರು, ಸಿನಿಮಾ ಮಂದಿ ಎಲ್ಲರೂ ಇದಕ್ಕಾಗಿ ಹೆಸರು ಬರೆಸಿ ಕಾದು ಕೂತ ಕಾಲವೊಂದಿತ್ತು.

ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಇವಳು ಎಷ್ಟು ಹಿಂದಿ ಚಿತ್ರಗಳಲ್ಲಿ ಓಡಾಡಿದ್ದಾಳೋ ಲೆಕ್ಕ ಇಟ್ಟವರಿಲ್ಲ. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳು ಮುಂಬೈ ರಸ್ತೆಯಿಂದ ಪೂರ್ತಿ ಇಳಿದವು. ನಮ್ಮ ಕನ್ನಡದಲ್ಲಂತೂ ಇವಳ ಹೆಸರಿನದೇ ಚಿತ್ರ ಬಂತು. 2019ರ ‘ಪ್ರೀಮಿಯರ್ ಪದ್ಮಿನಿ’, ಜಗ್ಗೇಶ್ ಅವರದು. ಹಳೇ ಕಾಲದ ಕಥೆ ತೆಗೆಯುವವರಿಗೆ ಈಗ ಹಳೇ ಕಾರು ಬೇಕೇ ಬೇಕು. ಓಡುವ ಸ್ಥಿತಿಯಲ್ಲಿರಬೇಕು, ನೋಡಲು ಲಕ್ಷಣವಾಗಿರಬೇಕು. ಅಂಥವು ಬೆಂಗಳೂರಿನಲ್ಲಿ ಎಷ್ಟಿವೆ ಹೇಳಿ? ನನ್ನ ತಲೆ ಓಡಿದ್ದು ಅಲ್ಲಿಯೇ.

ಒಂದೇ ಒಂದು ಶಾಟು

ಹೋದ ವರ್ಷದ ಮಾತು. ಸೆಟ್ಟಿಂದ ಸೆಟ್ಟಿಗೆ ಅಲೆದು, ಸುದ್ದಿ ಹೆಕ್ಕಿ, ಬರೆದು ಹೊಟ್ಟೆ ಹೊರೆಯುವವನು ನಾನು. ಬರೆದದ್ದಕ್ಕೆ ಕಾಸು ಬರುವಷ್ಟರಲ್ಲಿ ರೂಮಿನ ಬಾಡಿಗೆ ಮೂರು ತಿಂಗಳು ಬಾಕಿ ಬಿದ್ದಿರುತ್ತದೆ. ಅಂಥ ಹೊತ್ತಲ್ಲಿ ಗಾಂಧಿನಗರದಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಒಬ್ಬರು ಸಿಕ್ಕರು. ಎಂಬತ್ತರ ದಶಕದ ಕಥೆಯಂತೆ. ಪದ್ಮಿನಿ ಬೇಕಂತೆ. ದಿನಕ್ಕೆ ಆರು ಸಾವಿರ, ಐದು ದಿನದ ಕೆಲಸ. ಕಾರು ಮಾವನದು, ಕಮಿಷನ್ ನನ್ನದು!

ಸೀನು ಹೀಗೆ: ಖಳನಾಯಕನ ಕಡೆಯವರು ರಾತ್ರಿ ಹೊತ್ತು ಒಬ್ಬ ಹುಡುಗನನ್ನು ಎತ್ತಿ ಡಿಕ್ಕಿಗೆ ಹಾಕುತ್ತಾರೆ. ಮುಚ್ಚಳ ಧಡ್ ಅಂತ ಬೀಳುತ್ತದೆ. ಕಾರು ಹೊರಡುತ್ತದೆ. ಹಿಂದೆ ನಮ್ಮ ಹೀರೋ ಬೈಕಿನಲ್ಲಿ. ಕಟ್ ಇಲ್ಲದೆ ಒಂದೇ ಶಾಟಿನಲ್ಲಿ ಬರಬೇಕೆಂದು ನಿರ್ದೇಶಕರ ಆಸೆ. ಡಿಕ್ಕಿಯೊಳಗೆ ಮಲಗಬೇಕಾದವನು ಹದಿನೆಂಟರ ಒಬ್ಬ ಜೂನಿಯರ್ ಆರ್ಟಿಸ್ಟ್. ಮುಖ ಕಾಣುವ ಚಾನ್ಸು ಸಿಕ್ಕಿತೆಂದು ಊರಿಗೆಲ್ಲ ಫೋನ್ ಮಾಡಿ ಹೇಳಿಕೊಂಡಿದ್ದ.

ಮ್ಯಾನೇಜರ್ ಬಂದು ಕಾರು ನೋಡಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಡಿಕ್ಕಿ ತೆಗೆದು, ‘‘ಒಳಗೆ ಒಂದು ಹೊಸ ಮ್ಯಾಟ್ ಹಾಕಿಸಿಬಿಡಿ ಸಾಕು. ಕ್ಯಾಮೆರಾಗೆ ಇನ್ನೇನೂ ಕಾಣಲ್ಲ’’ ಎಂದರು. ಕಾಲು ಮುರಿದ ಕುರ್ಚಿಗೆ ಬಟ್ಟೆ ಹೊದಿಸಿ ಸಿಂಹಾಸನ ಮಾಡುವ ಲೋಕ ನಮ್ಮದು. ನನಗೂ ಅವರ ಮಾತು ಸರಿ ಎನಿಸಿತು.

ಮಾವ ಮಾತ್ರ ಕೇಳಲಿಲ್ಲ. ‘‘ಹಿಂದೆ ಏನೋ ಲಟ್ ಲಟ್ ಅಂತಿದೆ ಕಣೋ. ಕೊಡೋದಕ್ಕೆ ಮುಂಚೆ ಮೇಸ್ತ್ರಿಗೆ ಒಂದ್ಸಲ ತೋರಿಸೋಣ’’ ಎಂದರು. ಹಾಗೆ ಹೋದದ್ದು ಆ ಟಿಂಕರಿಂಗ್ ಶೆಡ್ಡಿಗೆ. ಹಾಗೆ ಇಳಿದದ್ದು ಆ ಸ್ಕ್ರೂಡ್ರೈವರ್.

ನನ್ನ ಪಾಪದ ಫ್ಲಾಶ್‌ಬ್ಯಾಕ್

ಬಾಯಿಂದ ಮಾತು ಹೊರಡಲಿಲ್ಲ ಎಂದೆನಲ್ಲ, ಅದಕ್ಕೆ ಕಾರಣ ಇಲ್ಲಿದೆ. ಎರಡು ವರ್ಷದ ಹಿಂದೆ ಡಿಕ್ಕಿಯ ತಳದಲ್ಲಿ ಎರಡು ಸಣ್ಣ ತೂತು ಕಂಡಿದ್ದವು. ಮಾವನಿಗೆ ಆಗ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ‘‘ಚೆನ್ನಾಗಿ ಮಾಡಿಸ್ಕೊಂಡು ಬಾ’’ ಎಂದು ನನ್ನ ಕೈಗೆ ಹದಿನೈದು ಸಾವಿರ ಕೊಟ್ಟರು. ನಾನು ಒಯ್ದದ್ದು ಬೇರೆ ಒಂದು ಗ್ಯಾರೇಜಿಗೆ. ಅಲ್ಲಿ ಎರಡು ದಾರಿ ಹೇಳಿದರು. ತುಕ್ಕು ಹಿಡಿದದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದು ಒಂದು. ಅದರ ಮೇಲೇ ಫೈಬರ್ ಬಟ್ಟೆ ಅಂಟಿಸಿ, ಟಾರು ಬಳಿದು, ರೆಕ್ಸಿನ್ ಹೊದಿಸುವುದು ಇನ್ನೊಂದು. ಎರಡನೆಯದಕ್ಕೆ ನಾಲ್ಕು ಸಾವಿರ ಮಾತ್ರ.

ನಾನು ಎರಡನೆಯದಕ್ಕೇ ಹೂಂ ಅಂದೆ. ಉಳಿದ ಹನ್ನೊಂದು ಸಾವಿರ ಎಲ್ಲಿ ಹೋಯಿತು? ರೂಮಿನ ಅಡ್ವಾನ್ಸಿಗೆ ಹೋಯಿತು. ಮಾವನಿಗೆ ಹೇಳಿರಲಿಲ್ಲ. ಕಾರು ಮನೆಗೆ ಬಂದಾಗ ಮಾವ ರೆಕ್ಸಿನ್ ಸವರಿ, ‘‘ಭೇಷ್’’ ಎಂದಿದ್ದರು.

ಈಗ ಮೇಸ್ತ್ರಿ ಅದೇ ರೆಕ್ಸಿನ್ನಿನ ಮೂಲೆ ಹಿಡಿದು ಎಳೆದರು. ಹಳೇ ಗಾಯದ ಪಟ್ಟಿಯಂತೆ ಬಿಚ್ಚಿಕೊಂಡು ಬಂತು. ಅದರ ಹಿಂದೆಯೇ ಟಾರಿನ ಹೆಕ್ಕಳೆ, ಟಾರಿಗೆ ಅಂಟಿಕೊಂಡು ಕಂದು ಪುಡಿ... ಕಬ್ಬಿಣದ ತಗಡು ಹಳೇ ಹಪ್ಪಳದಂತೆ ಪುಡಿಪುಡಿ!

ಕಣ್ಣಿಗೆ ಕಾಣದ ಖಳನಾಯಕ

ನಾನು ಪಿ.ಯು.ಸಿ. ಅರ್ಧಕ್ಕೇ ಬಿಟ್ಟವನು. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗಿಂತ ಮಾರ್ನಿಂಗ್ ಶೋ ನನಗೆ ಹತ್ತಿರವಿತ್ತು. ತುಕ್ಕಿನ ಪಾಠ ಆದದ್ದು ಈ ಶೆಡ್ಡಿನಲ್ಲಿಯೇ. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರೂ ಸೇರಿದರೆ ತುಕ್ಕು. ಅಲ್ಯೂಮಿನಿಯಮ್ಮಿನ ಮೇಲೂ ಒಂದು ಪದರ ಕಟ್ಟುತ್ತದೆ, ಆದರೆ ಆ ಪದರ ಒಳಗಿನ ಲೋಹವನ್ನು ಕಾಪಾಡುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ, ಅದು ಸ್ಪಂಜಿನ ಹಾಗೆ. ನೀರು ಹೀರಿ ಹಿಡಿದಿಟ್ಟುಕೊಂಡು ಇನ್ನೂ ಆಳಕ್ಕೆ ಇಳಿಯುತ್ತದೆ. ತಿಂದ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗ ಹಿಡಿಯುತ್ತದೆ. ಅದಕ್ಕೇ ಎರಡು ತಗಡು ಕೂಡುವ ಕಡೆ ತುಕ್ಕು ಹೊಕ್ಕರೆ ಬೆಸುಗೆಯೇ ಉಬ್ಬಿ ಬಾಯಿ ಬಿಡುತ್ತದೆ.

ಡಿಕ್ಕಿಗೆ ನೀರು ಬಂದದ್ದೆಲ್ಲಿಂದ? ಮುಚ್ಚಳದ ಸುತ್ತ ಇರುವ ರಬ್ಬರ್ ಬೀಡಿಂಗ್ ಒಣಗಿ ಬಿರಿದಿತ್ತು. ಹಿಂದಿನ ಲೈಟಿನ ಕೆಳಗಿನ ವಾಷರ್ ಸತ್ತುಹೋಗಿತ್ತು. ಪ್ರತಿ ಮಳೆಗೂ ಒಂದೊಂದು ಲೋಟ ನೀರು ಒಳಗೆ. ಬಂದ ನೀರು ಹರಿದುಹೋಗಲೆಂದು ಕಾರ್ಖಾನೆಯವರು ತಳದಲ್ಲಿ ತೂತು ಇಟ್ಟಿರುತ್ತಾರೆ. ನಮ್ಮ ಟಾರಿನ ಮಹಾಶಯ ಅದನ್ನೂ ಸೇರಿಸಿ ಮುಚ್ಚಿದ್ದ! ಮೇಲೆ ರೆಕ್ಸಿನ್, ನಡುವೆ ನೀರು, ಕೆಳಗೆ ಟಾರು. ಎರಡು ಸಣ್ಣ ತೂತು ಇದ್ದ ಕಡೆ ಎರಡು ವರ್ಷದಲ್ಲಿ ತಳವೇ ಇಲ್ಲ.

‘‘ಲಾರಿಗಾದ್ರೆ ಚಾಸಿ ಬೇರೆ, ಬಾಡಿ ಬೇರೆ’’ ಎಂದರು ಮೇಸ್ತ್ರಿ. ‘‘ಇವಳಿಗೆ ಬೇರೆ ಚಾಸಿ ಇಲ್ಲ. ಬಾಡಿನೇ ಚಾಸಿ. ಎಲ್ಲಾ ಭಾರ ಈ ತಗಡುಗಳ ಮೇಲೆ.’’

ಕಾರಿನಡಿ ಬಾ ಎಂದು ಕೈ ಹಿಡಿದು ತೋರಿಸಿದರು. ಡಿಕ್ಕಿಯ ತಳದ ಎರಡೂ ಪಕ್ಕದಲ್ಲಿ ಪೆಟ್ಟಿಗೆಯಾಕಾರದ ಎರಡು ತೊಲೆ. ಜಟಕಾ ಗಾಡಿಗೆ ಇರುತ್ತದಲ್ಲ, ಅದೇ ಥರದ ಕಮಾನು, ಲೀಫ್ ಸ್ಪ್ರಿಂಗು. ಅದರ ಹಿಂದಿನ ತುದಿ ನೇತಾಡುವುದು ಈ ತೊಲೆಗೆ. ಡಿಕ್ಕಿಯ ತಳ ಬೆಸೆದುಕೊಂಡಿರುವುದೂ ಇದೇ ತೊಲೆಗೆ. ತಳ ಕೊಳೆತರೆ ಮುಂದಿನ ಸರದಿ ತೊಲೆಯದು. ತೊಲೆ ಹೋದರೆ ಸ್ಪ್ರಿಂಗು ಬಾಡಿಗೇ ನುಗ್ಗುತ್ತದೆ. ಬಲಗಡೆಯ ತೊಲೆಯ ಅಂಚು ಆಗಲೇ ಕಂದು ತಿರುಗಿತ್ತು. ಲಟ್ ಲಟ್ ಎನ್ನುತ್ತಿದ್ದದ್ದು ಅದು!

ಇಂಟರ್‌ವಲ್ಲಿಗೆ ಮುಂಚಿನ ತಿರುವು

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಮೇಸ್ತ್ರಿ ರೆಕ್ಸಿನ್ನಿನ ಹಿಂಬದಿ ತಿರುವಿ ಬೆರಳಲ್ಲಿ ಒರೆಸಿದರು. ಬೆರಳು ಕಪ್ಪಾಯಿತು. ಅದು ಟಾರಲ್ಲ, ಮಸಿ. ಹೊಗೆಯ ಮಸಿ.

‘‘ಯಜಮಾನ್ರೇ, ಹಿಂದಿನ ಸೀಟಲ್ಲಿ ಕೂತೋರಿಗೆ ಯಾರಿಗಾದ್ರೂ ತಲೆನೋವು ಬರುತ್ತಾ?’’ ಎಂದರು.

ಮಾವ ನನ್ನ ಮುಖ ನೋಡಿದರು. ಅತ್ತೆ! ಎರಡು ವರ್ಷದಿಂದ ದೂರದ ಊರಿಗೆ ಹೊರಟರೆ ಸಾಕು, ಅತ್ತೆಗೆ ತಲೆ ಸಿಡಿತ, ಹೊಟ್ಟೆ ತೊಳಸು. ತಲೆಗೆ ಬಟ್ಟೆ ಬಿಗಿದುಕೊಂಡು ಕೂರುತ್ತಿದ್ದರು. ವಯಸ್ಸಾಯಿತು, ಪಿತ್ತ ಜಾಸ್ತಿ ಎಂದು ನಾವೆಲ್ಲ ಸೇರಿ ತೀರ್ಮಾನ ಮಾಡಿದ್ದೆವು. ಲಿಂಬೆಹಣ್ಣು ಮೂಸಲು ಕೊಡುತ್ತಿದ್ದೆವು.

ಸೈಲೆನ್ಸರ್ ಕೊಳವೆಯ ಒಂದು ಜೋಡಣೆ ಸಡಿಲಾಗಿ ಹೊಗೆ ಸೋರುತ್ತಿತ್ತು. ಅದರ ಮೇಲೇ ತಳದ ತೂತು. ಓಡುವ ಕಾರಿನ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಹೊಗೆ ಅಲ್ಲೇ ಸುತ್ತಾಡಿ ಸಂದಿ ಸಿಕ್ಕ ಕಡೆ ಒಳಗೆ ನುಗ್ಗುತ್ತದೆ. ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ನಮ್ಮ ಕಾರಿನಲ್ಲಿದ್ದದ್ದು ಒಂದು ರಟ್ಟಿನ ಹಲಗೆ ಮಾತ್ರ. ಹೊಗೆಯಲ್ಲಿ ಇರುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಮಂಪರು. ಮಂಪರು ಬಂದವನು ಮತ್ತೆ ಏಳದೆಯೂ ಹೋಗಬಹುದು. ಹಳೇ ಕಾರ್ಬುರೇಟರ್ ಗಾಡಿಗಳ ಹೊಗೆಯಲ್ಲಿ ಇದು ಇನ್ನೂ ಜಾಸ್ತಿ.

ಹಿಂದಿನ ಸೀಟಿನಲ್ಲಿ, ಕಿಟಕಿ ತೆರೆದು ಕೂತ ಅತ್ತೆಗೇ ಹೀಗಾದರೆ, ಮುಚ್ಚಿದ ಡಿಕ್ಕಿಯಲ್ಲಿ ಎಂಜಿನ್ ಓಡುತ್ತಿರುವಾಗ ಮಲಗುವ ಆ ಹುಡುಗನಿಗೆ? ಟೇಕ್ ಸರಿಯಾಗಿ ಬರಲಿಲ್ಲ, ಇನ್ನೊಂದು ಹೋಗೋಣ, ಮತ್ತೊಂದು ಹೋಗೋಣ ಎಂದು ಐದಾರು ಸಲ ಮಲಗಿಸಿದ್ದರೆ? ಒಳಗಿಂದ ತಟ್ಟಿದರೂ ನಟನೆ ಚೆನ್ನಾಗಿದೆ ಎಂದುಕೊಳ್ಳುತ್ತಿದ್ದೆವೇನೋ. ಆ ಶೆಡ್ಡಿನ ಬಿಸಿಲಲ್ಲೂ ನನ್ನ ಬೆನ್ನಿನ ಮೇಲೆ ತಣ್ಣಗೆ ಬೆವರಿಳಿಯಿತು.

ಮಾವನ ಕಡೆ ತಿರುಗಿ ಎಲ್ಲ ಹೇಳಿಬಿಟ್ಟೆ. ನಾಲ್ಕು ಸಾವಿರ, ಟಾರು, ಹನ್ನೊಂದು ಸಾವಿರ, ಅಡ್ವಾನ್ಸು, ಎಲ್ಲ. ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

‘‘ಬಿಲ್ ಕೊಡಲಿಲ್ವಲ್ಲೋ ನೀನು, ಅವತ್ತೇ ಗೊತ್ತಾಯ್ತು ನನಗೆ. ಹುಡುಗ, ಕಷ್ಟ ಇರಬೇಕು ಅಂತ ಸುಮ್ನಿದ್ದೆ. ಆದ್ರೆ ತಳ ಹೀಗಿದೆ ಅಂತ ಗೊತ್ತಿರ್ಲಿಲ್ಲ.’’ ಅಷ್ಟೇ ಅಂದದ್ದು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಮೇಸ್ತ್ರಿ ಕಡೆ ನೋಡಿ, ‘‘ಕತ್ತರಿಸಿ’’ ಎಂದರು.

ಆಪರೇಷನ್ ಥಿಯೇಟರ್

ಪ್ಯಾಚ್ ಹಾಕಿ ಮೂರು ದಿನದಲ್ಲಿ ಕೊಡಿ ಎಂದು ನಾನೇ ಒಮ್ಮೆ ಗೋಗರೆದೆ, ಶೂಟಿಂಗ್ ಹತ್ತು ದಿನದಲ್ಲಿತ್ತು. ಮೇಸ್ತ್ರಿ ತಲೆ ಅಲ್ಲಾಡಿಸಿದರು. ‘‘ಕೊಳೆತ ಬಟ್ಟೆಗೆ ಹೊಸ ತೇಪೆ ಹಾಕಿದ್ರೆ ಹೊಲಿಗೆ ನಿಲ್ಲೋದು ಎಲ್ಲಿ?’’ ಎಂದರು.

ಮೊದಲು ಬ್ಯಾಟರಿ ಕಳಚಿದರು. ಪೆಟ್ರೋಲ್ ಟ್ಯಾಂಕ್ ಪೂರ್ತಿ ಬಿಚ್ಚಿ ಶೆಡ್ಡಿನಾಚೆ ಇಟ್ಟರು. ಬೆಂಕಿಯ ಕೆಲಸಕ್ಕೆ ಮುಂಚೆ ಇದು ಆಗಲೇಬೇಕು, ಖಾಲಿ ಟ್ಯಾಂಕಿನ ಆವಿಯೂ ಸಿಡಿಯುತ್ತದೆ. ಹಿಂದಿನ ಸೀಟು, ಲೈಟಿನ ವೈರು ಎಲ್ಲ ಹೊರಗೆ. ಪಕ್ಕದಲ್ಲಿ ಎರಡು ಬಕೆಟ್ ಮರಳು. ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಕೂರಿಸಿ, ಡಿಕ್ಕಿಯ ಬಾಯಿಗೆ ಅಡ್ಡಲಾಗಿ ಒಂದು ಆಂಗಲ್ ಕಬ್ಬಿಣ ತಾತ್ಕಾಲಿಕವಾಗಿ ಬೆಸೆದರು. ಆಮೇಲೆ ಟೇಪ್ ಹಿಡಿದು ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆದು ಅಳತೆಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ತಳ ಕತ್ತರಿಸಿದ ಮೇಲೆ ಬಾಡಿ ಒಂದಿಷ್ಟು ವಾಲಿದರೂ ಹೊಸ ತಗಡು ವಾಲಿದ್ದಕ್ಕೇ ಬೆಸೆದುಕೊಳ್ಳುತ್ತದೆ. ಆಮೇಲೆ ಡಿಕ್ಕಿಯ ಮುಚ್ಚಳ ಜನ್ಮದಲ್ಲಿ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಈ ಸೀಮೆಸುಣ್ಣದ ಲೆಕ್ಕ. ಅದಕ್ಕೇ ಒಂದೇ ಸಲ ಪೂರ್ತಿ ತಳ ತೆಗೆಯದೆ ಬಲಗಡೆ ಅರ್ಧ ಮುಗಿಸಿ ಎಡಗಡೆಗೆ ಹೋದದ್ದು.

ಟಾರು ಕೆರೆಯುವುದಕ್ಕೇ ಎರಡು ದಿನ. ಆ ಕೆಲಸ ನನ್ನ ಪಾಲಿಗೆ! ಬಿಸಿ ಗಾಳಿಯ ಗನ್ನು ಹಿಡಿದು ಮೆತ್ತಗೆ ಮಾಡು, ಕೆರೆ. ಮತ್ತೆ ಮೆತ್ತಗೆ ಮಾಡು, ಕೆರೆ. ಅಂಗೈಯಲ್ಲಿ ಬೊಬ್ಬೆ. ಕೆರೆದಲ್ಲೆಲ್ಲ ತುಕ್ಕು. ಎಲ್ಲಿಯವರೆಗೆ ಕತ್ತರಿಸಬೇಕು ಎಂದು ನಾನು ಒಂದು ಗೇಣಿನ ಗೆರೆ ಹಾಕಿಟ್ಟಿದ್ದೆ. ಮೇಸ್ತ್ರಿಯ ಲೆಕ್ಕ ಬೇರೆ: ಉಜ್ಜಿದರೆ ಬೆಳ್ಳಗೆ ಮಿಂಚುವ ತಗಡು ಸಿಗಬೇಕು, ಅಲ್ಲಿಂದ ಇನ್ನೂ ಒಂದಿಂಚು ಆಚೆ ಕತ್ತರಿ. ಗೇಣು ಮೊಳವಾಯಿತು, ಮೊಳ ಇಡೀ ತಳವಾಯಿತು.

ಕಾರ್ಖಾನೆಯಲ್ಲಿ ತಳವನ್ನು ತೊಲೆಗೆ ಸ್ಪಾಟ್ ವೆಲ್ಡಿಂಗಿನಿಂದ ಕೂಡಿಸಿರುತ್ತಾರೆ. ಬಣ್ಣ ಉಜ್ಜಿದರೆ ಸಾಲಾಗಿ ದುಂಡು ಚುಕ್ಕಿ ಕಾಣುತ್ತವೆ. ಒಂದೊಂದು ಚುಕ್ಕಿಯನ್ನೂ ಡ್ರಿಲ್ಲಿನಿಂದ ಕೊರೆಯಬೇಕು. ಮೇಲಿನ ತಗಡು ಮಾತ್ರ ಕೊರೆಯಬೇಕು, ಕೆಳಗಿನ ತೊಲೆಗೆ ಗಾಯವಾಗಬಾರದು. ಕೊನೆಯ ಚುಕ್ಕಿ ಬಿಟ್ಟಾಗ ಕೊಳೆತ ತಳ ತನ್ನ ಭಾರಕ್ಕೆ ತಾನೇ ಕೆಳಗೆ ಬಿತ್ತು. ಡಿಕ್ಕಿಯೊಳಗೆ ಇಣುಕಿದರೆ ನೆಲ ಕಾಣುತ್ತಿತ್ತು.

ಮಾವ ಅಲ್ಲಿ ನಿಲ್ಲಲಾರದೆ ಟೀ ಕುಡಿದು ಬರುತ್ತೇನೆಂದು ಹೋದರು. ನನಗೆ ಋತ್ವಿಕ್ ಘಟಕ್ ಅವರ 1958ರ ಬಂಗಾಳಿ ಚಿತ್ರ ‘ಅಜಾಂತ್ರಿಕ್’ ನೆನಪಾಯಿತು. ಅದರಲ್ಲಿ ಡ್ರೈವರ್ ಬಿಮಲ್‌ನಿಗೆ ತನ್ನ ಡಕೋಟಾ ಷೆವರ್ಲೆ ಕಾರೇ ಬಂಧು, ಬಳಗ, ಎಲ್ಲ. ಕೊನೆಗೆ ಆ ಕಾರು ಗುಜರಿಗೆ ಹೋಗುತ್ತದೆ. ನಮ್ಮ ಮಾವನಿಗೆ ಅಂಥ ಕ್ಲೈಮಾಕ್ಸ್ ಬೇಡವಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಹೊಸ ತಳ

ಶಿವಾಜಿನಗರದ ಗುಜರಿಯಲ್ಲಿ ಹಳೇ ಪದ್ಮಿನಿಯ ತಳ ಸಿಗುತ್ತದೇನೋ ಎಂದು ಅಲೆದೆ. ಸಿಕ್ಕಿತು, ಆದರೆ ತುಕ್ಕಿನಲ್ಲಿ ಅದು ನಮ್ಮದಕ್ಕೆ ಅಕ್ಕ! ಕೊನೆಗೆ ಕೈಯಲ್ಲೇ ಮಾಡುವುದೆಂದಾಯಿತು. ಫ್ರಿಜ್ಜಿನ ರಟ್ಟಿನ ಡಬ್ಬ ಬಿಚ್ಚಿ, ದರ್ಜಿ ಜುಬ್ಬಕ್ಕೆ ಅಳತೆ ತೆಗೆದಂತೆ ಮೇಸ್ತ್ರಿ ಅಚ್ಚು ಕತ್ತರಿಸಿದರು. ತಳಕ್ಕೆ 20 ಗೇಜಿನ, ಅಂದರೆ ಸುಮಾರು 0.9 ಮಿಲಿಮೀಟರ್ ದಪ್ಪದ ಸಿ.ಆರ್. ಶೀಟು. ತೊಲೆಯ ಅಂಚಿಗೆ 18 ಗೇಜು, ಸುಮಾರು 1.2 ಮಿಲಿಮೀಟರ್. ತುಕ್ಕು ಹಿಡಿಯದ ಜಿ.ಐ. ತಗಡೇ ಹಾಕಬಾರದೇ ಎಂದು ಕೇಳಿದೆ. ಅದರ ಮೇಲಿನ ಸತು ವೆಲ್ಡಿಂಗಿನ ಬಿಸಿಗೆ ಹೊಗೆಯಾಗುತ್ತದೆ, ಕುಡಿದವನಿಗೆ ರಾತ್ರಿ ಚಳಿಜ್ವರ ಗ್ಯಾರಂಟಿ ಎಂದರು.

ಸಪಾಟು ತಗಡು ಹಾಗೇ ಹಾಕಿದರೆ ಗಾಡಿ ಓಡುವಾಗ ತಮಟೆಯಂತೆ ಬಡಿದುಕೊಳ್ಳುತ್ತದೆ. ಕಂಪನಿ ತಳದಲ್ಲಿ ಉದ್ದುದ್ದ ಉಬ್ಬುಗೆರೆಗಳಿರುವುದು ಅಂದಕ್ಕಲ್ಲ, ಬಿಗಿಗೆ. ಹುಣಸೆ ಮರದ ದಿಮ್ಮಿಯಲ್ಲಿ ಕಾಲುವೆ ಕೊರೆದು, ಅದರ ಮೇಲೆ ತಗಡಿಟ್ಟು, ಮೊಂಡು ಉಳಿಯಿಂದ ಬಡಿದು ಬಡಿದು ಮೇಸ್ತ್ರಿ ಆ ಗೆರೆಗಳನ್ನು ಎಬ್ಬಿಸಿದರು. ಒಂದು ಪೆಟ್ಟು ಜಾಸ್ತಿಯಿಲ್ಲ, ಒಂದು ಕಡಿಮೆಯಿಲ್ಲ. ರೀರೆಕಾರ್ಡಿಂಗ್ ಥಿಯೇಟರಿನಲ್ಲಿ ತಬಲಾದವರು ಕೂತ ಹಾಗೆ ಕೂತಿದ್ದರು.

ಬೆಸೆಯುವಾಗ ಇನ್ನೊಂದು ಜಾಣತನ. ತಗಡಿನ ಅಂಚಿಗೆ ಒಂದೂಕಾಲು ಇಂಚಿಗೊಂದು ತೂತು ಕೊರೆದು, ತೊಲೆಯ ಮೇಲೆ ಬಿಗಿದು, ಆ ತೂತುಗಳನ್ನು ಸಿ.ಓ.ಟು ವೆಲ್ಡಿಂಗಿನಿಂದ ತುಂಬಿದರು. ಹಳೇ ಸ್ಪಾಟ್ ವೆಲ್ಡಿಂಗಿಗೆ ಇದೇ ಬದಲಿ. ಸಾಲಾಗಿ ಬೆಸೆದುಕೊಂಡು ಹೋಗಲಿಲ್ಲ. ಈ ಮೂಲೆಯಲ್ಲಿ ಒಂದು, ಆ ಮೂಲೆಯಲ್ಲಿ ಒಂದು, ನಡುವೆ ಒಂದು. ಒಂದೇ ಕಡೆ ಬಿಸಿಯಾದರೆ ತೆಳು ತಗಡು ಬಾಳೆಲೆಯಂತೆ ಮುದುರುತ್ತದೆ. ಪ್ರತಿ ಸುತ್ತಿಗೂ ಗೋಡೆಯ ಸೀಮೆಸುಣ್ಣ ನೋಡಿ ಮತ್ತೆ ಟೇಪ್ ಹಿಡಿಯುತ್ತಿದ್ದರು. ಕೊನೆಯಲ್ಲೂ ಅಳತೆ ಅದೇ!

ಆಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟು. ಜೋಡಣೆಗಳಿಗೆ ಸೀಲರ್. ಅಡಿಗೆ ಕಲ್ಲು ತಡೆಯುವ ಕೋಟಿಂಗು. ತೊಲೆಯ ಪೊಳ್ಳಿನೊಳಗೆ ಮೇಣದ ಎಣ್ಣೆ. ಹೊಸ ಬೀಡಿಂಗು, ಲೈಟಿಗೆ ಹೊಸ ವಾಷರು, ಸೈಲೆನ್ಸರಿಗೆ ಹೊಸ ಜೋಡಣೆ. ನೀರು ಹೋಗುವ ತೂತು ಮರೆಯದೆ ಬಿಟ್ಟರು.

ಫೋನಿನಲ್ಲಿ ಪ್ಯಾಕಪ್

ಇದೆಲ್ಲದರ ನಡುವೆ ಆರನೇ ದಿನ ಮ್ಯಾನೇಜರಿಗೆ ಫೋನ್ ಮಾಡಿದೆ. ಕಾರು ಸಿಗುವುದಿಲ್ಲ ಎಂದೆ. ಬೈಗುಳ ಹೇಗಿತ್ತೆಂದು ಇಲ್ಲಿ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ‘‘ಒಂದು ಶಾಟ್ ಕಣ್ರೀ, ಒಂದು ಶಾಟ್!’’ ಎಂದು ಕೂಗಿದರು. ನಾನು ಹೊಗೆಯ ವಿಷಯ ಹೇಳಿದೆ. ಯಾವ ಕಾರಾದರೂ ಸರಿ, ಎಂಜಿನ್ ಓಡುವಾಗ ಆ ಹುಡುಗನನ್ನು ಡಿಕ್ಕಿಯಲ್ಲಿ ಮುಚ್ಚಬೇಡಿ ಎಂದೆ. ಆ ಕಡೆಯಿಂದ ಫೋನ್ ಕಟ್!

ಮೂವತ್ತು ಸಾವಿರ ಹೋಯಿತು. ಕಮಿಷನ್ ಹೋಯಿತು. ಆ ಕಂಪನಿಯ ಸುದ್ದಿಗಳೂ ನನಗೆ ನಿಂತವು. ಅವರು ಬೇರೆ ಕಡೆಯಿಂದ ಬಿಳೀ ಅಂಬಾಸಿಡರ್ ತಂದು ಚಿತ್ರೀಕರಣ ಮುಗಿಸಿದರು. ತಿಂಗಳಾದ ಮೇಲೆ ಆ ಹುಡುಗನೇ ಗಾಂಧಿನಗರದಲ್ಲಿ ಸಿಕ್ಕಿದ. ಹೇಗಾಯಿತು ಸೀನು ಎಂದು ಕೇಳಿದೆ. ‘‘ಅಣ್ಣಾ, ಯಾರೋ ಏನೋ ಹೇಳಿದ್ರಂತೆ. ಎಂಜಿನ್ ಆಫ್ ಮಾಡಿ ನನ್ನ ಮಲಗಿಸಿ ಒಂದು ಶಾಟ್ ತೆಗೆದ್ರು. ನಾನು ಇಳಿದ್ಮೇಲೆ ಖಾಲಿ ಕಾರ್ ಓಡಿಸಿ ಇನ್ನೊಂದು ತೆಗೆದ್ರು’’ ಎಂದ. ಒಂದು ಶಾಟು ಎರಡಾಗಿತ್ತು. ಆ ಯಾರೋ ನಾನೇ ಎಂದು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಪೂರ್ತಿ ಕಥೆ ಹೇಳಬೇಕಾಗುತ್ತಿತ್ತು.

ಡಿಕ್ಕಿಯಲ್ಲಿ ಮಲಗಿದ್ದು ಯಾರು?

ಹನ್ನೊಂದನೇ ದಿನ ಕಡೇ ಪರೀಕ್ಷೆ. ಕಾರಿನಡಿ ದೊಡ್ಡ ಬಲ್ಬು ಉರಿಸಿ, ಯಾರಾದರೂ ಡಿಕ್ಕಿಯಲ್ಲಿ ಮಲಗಿ ಬೆಳಕು ಎಲ್ಲಾದರೂ ಸೋರುತ್ತದೆಯೇ ನೋಡಬೇಕು ಎಂದರು ಮೇಸ್ತ್ರಿ. ಎಲ್ಲರೂ ನನ್ನತ್ತ ನೋಡಿದರು. ಸರಿ, ಹತ್ತಿದೆ. ಮುಚ್ಚಳ ಲಾಕ್ ಮಾಡದೆ ಮೇಲೆ ಕಂಬಳಿ ಹೊದಿಸಿದರು. ಎಂಜಿನ್ ಆಫ್. ಕೀಲಿ ಮಾವನ ಕೈಯಲ್ಲಿ.

ಮೊಣಕಾಲು ಗದ್ದಕ್ಕೆ ಮುಟ್ಟಿಸಿಕೊಂಡು ಆ ಕತ್ತಲಲ್ಲಿ ಮಲಗಿದ್ದೆ. ಬಣ್ಣದ ವಾಸನೆ. ಕೆನ್ನೆಗೆ ತಣ್ಣಗೆ ಹೊಸ ತಗಡು. ಎರಡು ನಿಮಿಷಕ್ಕೇ ಉಸಿರು ಕಟ್ಟಿದ ಹಾಗಾಯಿತು. ಆ ಹುಡುಗ ಇಲ್ಲಿ ಮಲಗಬೇಕಾಗಿತ್ತು, ಗಾಡಿ ಓಡುತ್ತಿರಬೇಕಾಗಿತ್ತು... ಎಡಗಡೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದೇ ಒಂದು ಬೆಳಕಿನ ಚುಕ್ಕಿ ಕಂಡಿತು. ‘‘ಇದೆ ಮೇಸ್ತ್ರಿ, ಇಲ್ಲೊಂದಿದೆ!’’ ಎಂದು ಕೂಗಿದೆ. ಅದನ್ನೂ ಬೆಸೆದು, ಸೀಲರ್ ಹಚ್ಚಿ, ಮತ್ತೆ ಮಲಗಿಸಿದರು. ಈ ಸಲ ಪೂರ್ತಿ ಕತ್ತಲು.

ಒಟ್ಟು ಖರ್ಚು ಮೂವತ್ನಾಲ್ಕು ಸಾವಿರ. ಹನ್ನೊಂದು ಸಾವಿರ ನನ್ನ ಬಾಕಿ. ತಿಂಗಳಿಗೊಂದಿಷ್ಟು ತೀರಿಸುತ್ತಿದ್ದೇನೆ. ಈ ಲೇಖನದ ಸಂಭಾವನೆ ಬಂದರೆ ಅದೂ ಅಲ್ಲಿಗೇ.

ಹಳೇ ಕಾರಿನ ಹುಚ್ಚು ನಿಮಗೂ ಇದ್ದರೆ...

ಕೊಳ್ಳುವ ಮುಂಚೆ ಈ ನಾಲ್ಕು ಮಾತು ನೆನಪಿಡಿ. ಬಣ್ಣ ನೋಡಬೇಡಿ, ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ, ಅದು ಅಂಟದ ಕಡೆ ತಗಡಿಲ್ಲ, ಪುಟ್ಟಿಯೋ ಫೈಬರೋ ಇದೆ. ಬೆರಳ ಗೆಣ್ಣಿನಿಂದ ತಟ್ಟಿ, ಒಳ್ಳೇ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಮೊದ್ದು. ಹಿಂದಿನ ಸೀಟಿನಲ್ಲಿ ಹೊಗೆಯ ವಾಸನೆಯೋ, ಕೂತವರಿಗೆ ತಲೆನೋವೋ ಬಂದರೆ ಮೊದಲು ಗಾಡಿ ನಿಲ್ಲಿಸಿ ಇಳಿಯಿರಿ, ಆಮೇಲೆ ಮೆಕ್ಯಾನಿಕ್ಕಿಗೆ ತೋರಿಸಿ. ತಲೆನೋವಿನ ಮಾತ್ರೆ ನುಂಗಿ ಮುಂದೆ ಹೋಗಬೇಡಿ.

ಆಪರೇಷನ್ ಆದ ಮುಂದಿನ ಭಾನುವಾರ ಮಾವ, ಅತ್ತೆ, ನಾನು ಪದ್ಮಿನಿಯಲ್ಲಿ ನಂಜನಗೂಡಿಗೆ ಹೊರಟೆವು. ಅತ್ತೆ ಹಿಂದಿನ ಸೀಟಿನಲ್ಲಿ. ತಲೆಗೆ ಕಟ್ಟುವ ಬಟ್ಟೆ, ಲಿಂಬೆಹಣ್ಣು ಎಲ್ಲ ಅಭ್ಯಾಸಬಲದಿಂದ ಚೀಲದಲ್ಲಿ ಇಟ್ಟುಕೊಂಡೇ ಬಂದಿದ್ದರು. ರಾಮನಗರ ದಾಟಿತು, ಚನ್ನಪಟ್ಟಣ ದಾಟಿತು. ಅತ್ತೆ ಯಾರದೋ ಮದುವೆಯ ಕಥೆ ಹೇಳುತ್ತಲೇ ಇದ್ದರು. ಮದ್ದೂರಿನಲ್ಲಿ ನಿಲ್ಲಿಸಿದಾಗ ತಾವೇ ಬಾಗಿಲು ತೆಗೆದು ಇಳಿದು, ‘‘ವಡೆ ತಿನ್ನೋಣ ಕಣ್ರೀ, ಹಸಿವಾಗ್ತಿದೆ’’ ಎಂದರು.

ಮಾವ ಏನೂ ಹೇಳಲಿಲ್ಲ. ಹಿಂದೆ ಹೋಗಿ, ಡಿಕ್ಕಿ ತೆಗೆದು, ತಳಕ್ಕೆ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡಿದರು.

ಠಣ್ ಎಂದಿತು.